ಋಣವಿದ್ದವನ ಯಾತ್ರೆಯ ಗಂಟು

ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನು ಧರ್ಮರಾಜನಿಗೆ ಹಾಕುವ ಪ್ರಶ್ನೆಗಳು ಪ್ರಸಿದ್ಧವಾದುವು. ಲೋಕದಲ್ಲಿ ನಿಜವಾಗಿ ಸಂತೋಷಪಡುವವನು ಯಾರು ಎಂಬುದು ಅವುಗಳಲ್ಲೊಂದು. ಧರ್ಮರಾಜನು ಇದಕ್ಕೆ ಚಕ್ರವರ್ತಿಯನ್ನಾಗಲಿ ಯೋಗಿಯನ್ನಾಗಲಿ ಹೆಸರಿಸುವುದಿಲ್ಲ. ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿಯೇ ಒಂದಿಷ್ಟು ಸೊಪ್ಪು ಬೇಯಿಸಿಕೊಂಡು ಉಣ್ಣುವ, ಸಾಲವಿಲ್ಲದ, ಮನೆ ಬಿಟ್ಟು ಪರಸ್ಥಳದಲ್ಲಿ ಅಲೆಯದ ಸಾಮಾನ್ಯ ಮನುಷ್ಯನನ್ನೇ ಅವನು ಸುಖಿಯೆಂದು ತೋರಿಸುತ್ತಾನೆ. ಸಾಲವನ್ನೂ ಪ್ರವಾಸವನ್ನೂ ಒಂದೇ ಉಸಿರಿನಲ್ಲಿ ಸೇರಿಸಿ ಹೇಳಿರುವುದು ವಿಚಾರಾರ್ಹವಾಗಿದೆ. ಸಾಲಗಾರನು ಪರರ ದ್ರವ್ಯದ ಆಶ್ರಯದಲ್ಲಿರುವವನು. ಪ್ರವಾಸಿಯು ಪರರ ನೆಲದ, ಪರರ ಅನ್ನದ ಆಶ್ರಯದಲ್ಲಿರುವವನು. ಇಬ್ಬರಿಗೂ ಸ್ವಾತಂತ್ರ್ಯ ಕಡಿಮೆ. ಹೀಗಿರುವಾಗ ಈ ಎರಡು ಪಾರತಂತ್ರ್ಯಗಳನ್ನು ಒಬ್ಬನೇ ಒಂದೇ ಕಾಲದಲ್ಲಿ ಬಯಸಿ ತಲೆಯ ಮೇಲೆ ಹೊತ್ತುಕೊಂಡರೆ, ಅಂದರೆ ಒಂದು ಕೈಯಿಂದ ಸಾಲವನ್ನು ತೀರಿಸುತ್ತ ಇನ್ನೊಂದು ಕೈಯಿಂದ ಮುಂದಿನ ಯಾತ್ರೆಗೆಂದು ಹಣವನ್ನು ಕೂಡಿಡುತ್ತಿದ್ದರೆ, ಅವನ ನಡೆ ಧರ್ಮ್ಯವೋ ಅಲ್ಲವೋ ಎಂಬ ಪ್ರಶ್ನೆ ಏಳುತ್ತದೆ.

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಇಂದಿನ ಗೃಹಸ್ಥರಲ್ಲಿ ಹಲವರ ಸ್ಥಿತಿ ಇದೇ ಆಗಿದೆ. ದೃಷ್ಟಾಂತಕ್ಕಾಗಿ ರಬಕವಿ-ಬನಹಟ್ಟಿಯ ಕಡೆಯ ಒಬ್ಬ ನೇಕಾರನನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಮಗ್ಗಕ್ಕಾಗಿ ತಂದ ಸಹಕಾರ ಸಂಘದ ಸಾಲ ಕಂತು ಕಂತಾಗಿ ತೀರುತ್ತಿದೆ. ಮಗಳ ಲಗ್ನಕ್ಕೆಂದು ಖಾಸಗಿಯವರಿಂದ ತಂದ 30,000 ರೂಪಾಯಿಗೆ ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಬಡ್ಡಿ ಓಡುತ್ತಿದೆ. ಇವೆರಡೂ ಅಲ್ಲದೆ, ಮಗು ಆಸ್ಪತ್ರೆಯಲ್ಲಿದ್ದಾಗ ಓಣಿಯ ವಿಧವೆಯೊಬ್ಬಳು ತನ್ನ ಸೆರಗಿನ ಗಂಟು ಬಿಚ್ಚಿ ಕೊಟ್ಟ 5,000 ರೂಪಾಯಿಯ ಕೈಗಡವೂ ಇದೆ. ಈ ಮೂರು ಭಾರಗಳ ಕೆಳಗಿರುವ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಗೆ ಒಂದೇ ಬಯಕೆ: ಕಣ್ಣು ಮುಚ್ಚುವ ಮೊದಲು ಕೇದಾರನಾಥನ ದರ್ಶನವಾಗಬೇಕು. ಮಗನು ಮಾಡಿನ ಸಂದಿನಲ್ಲಿ ಒಂದು ಡಬ್ಬಿಯನ್ನಿಟ್ಟು ಅದರಲ್ಲಿ ಹಣ ಹಾಕುತ್ತಿದ್ದಾನೆ. ಆ ಡಬ್ಬಿಯಲ್ಲಿರುವ ಹಣ ಯಾರದು?

ಅದು ಅವನದಲ್ಲವೆಂಬುದು ಪೂರ್ವಪಕ್ಷ. ಈ ಪಕ್ಷಕ್ಕೆ ಬಲ ಕಡಿಮೆಯೇನೂ ಇಲ್ಲ. ಸಾಲ ಕೊಟ್ಟವನಿಗೆ ಸಂಸ್ಕೃತದಲ್ಲಿ ಉತ್ತಮರ್ಣನೆಂದೂ ತಂದವನಿಗೆ ಅಧಮರ್ಣನೆಂದೂ ಹೆಸರು. ಋಣದಲ್ಲಿ ಒಬ್ಬನು ಮೇಲು, ಒಬ್ಬನು ಕೀಳು ಎಂಬುದನ್ನು ಶಬ್ದವೇ ನಿರ್ಣಯಿಸಿಬಿಟ್ಟಿದೆ. (ಕನ್ನಡವು ಈ ವಿಷಯದಲ್ಲಿ ಉದಾರಿ. ಸಾಲಗಾರರು ಬಾಗಿಲಿಗೆ ಬಂದರು ಎಂದರೆ ಕೊಟ್ಟವರು. ಅವನು ಸಾಲಗಾರನಾದ ಎಂದರೆ ತಂದವನು. ಒಂದೇ ಹಗ್ಗದ ಎರಡು ತುದಿಗಳಿಗೆ ಒಂದೇ ಹೆಸರು ಸಾಕೆಂದು ಜನ ತಿಳಿದಿದ್ದಾರೆ.) ಮನುಸ್ಮೃತಿಯು ವ್ಯವಹಾರದ ಹದಿನೆಂಟು ಪದಗಳನ್ನು ಎಣಿಸುವಾಗ ಋಣಾದಾನವನ್ನೇ ಮೊದಲಲ್ಲಿಟ್ಟಿದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸದೆ ಮೋಕ್ಷದಲ್ಲಿ ಮನಸ್ಸಿಡತಕ್ಕದ್ದಲ್ಲವೆಂಬುದೂ ಅದೇ ಸ್ಮೃತಿಯ ಮತ. ಕಣ್ಣಿಗೆ ಕಾಣದವರ ಋಣವೇ ಮೋಕ್ಷಕ್ಕೆ ಅಡ್ಡವಾಗುವುದಾದರೆ, ಎದುರು ಮನೆಯಲ್ಲಿ ಕುಳಿತಿರುವ ಮನುಷ್ಯನ ಋಣವು ಯಾತ್ರೆಗೆ ಅಡ್ಡವಾಗದಿರುವುದೆಂತು? ಹಿಂದಿನವರು ಕಾಶಿಗೆ ಹೊರಡುವ ಮುನ್ನ ಕೊಡುಕೊಳ್ಳುವುದನ್ನೆಲ್ಲ ತೀರಿಸಿ, ಊರವರ ಅಪ್ಪಣೆ ಪಡೆದು ಹೊರಡುತ್ತಿದ್ದುದು ಇದೇ ನ್ಯಾಯದಿಂದ. ಇಸ್ಲಾಮಿನ ಧರ್ಮಶಾಸ್ತ್ರಜ್ಞರೂ ಹಜ್ಜಿನ ಯಾತ್ರೆಯನ್ನು ಶಕ್ತಿಯುಳ್ಳವನಿಗೆ ಮಾತ್ರ ಕಡ್ಡಾಯವೆಂದು ವಿಧಿಸಿ, ಆ ಶಕ್ತಿಯನ್ನು ಲೆಕ್ಕ ಹಾಕುವಾಗ ಸಾಲವನ್ನು ಮೊದಲು ಕಳೆಯುತ್ತಾರೆ. ಬೇರೆ ಬೇರೆ ನೆಲಗಳಲ್ಲಿ ಹುಟ್ಟಿದ ವಿವೇಕವು ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದರೆ ಅದನ್ನು ಲಘುವಾಗಿ ಎಣಿಸಲಾಗದು.

ಸಾಲವನ್ನು ಹೊತ್ತು ಕಾಶಿಗೆ ಹೋದವನ ಕಥೆಯನ್ನು ಕನ್ನಡಿಗರಿಗೆ ಹಂಪೆಯ ರಾಘವಾಂಕನೇ ಕೊಟ್ಟಿದ್ದಾನೆ. ಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಂಡು ಮಡದಿ ಮಗನೊಡನೆ ಕಾಶಿಯ ದಾರಿ ಹಿಡಿದಾಗ ಅವನೊಡನೆ ಹೊರಟ ಸಹಯಾತ್ರಿಕನು ನಕ್ಷತ್ರಿಕ. ವಿಶ್ವಾಮಿತ್ರನ ಪರವಾಗಿ ಹಣ ವಸೂಲಿಗೆ ಬಂದವನು. ದಾರಿಯ ಬಿಸಿಲು, ಕಲ್ಲು, ಮುಳ್ಳುಗಳಿಗಿಂತ ಅವನ ಕಾಟವೇ ಹೆಚ್ಚು. ಇಂದಿಗೂ ಬೆನ್ನು ಬಿಡದೆ ಪೀಡಿಸುವವನನ್ನು ಜನರು ನಕ್ಷತ್ರಿಕನೆನ್ನುವುದುಂಟು. ಕಾಶಿಯೆಂಬ ಮಹಾಕ್ಷೇತ್ರವು ಆ ದೊರೆಗೆ ಕೊನೆಗೆ ಏನಾಯಿತು? ಹೆಂಡತಿಯನ್ನೂ ಮಗನನ್ನೂ ಮಾರುವ ಪೇಟೆಯಾಯಿತು, ತನ್ನನ್ನೇ ಮಾರಿಕೊಂಡು ಕಾಯುವ ಸುಡುಗಾಡಾಯಿತು. ಊರು ಅದೇ, ಗಂಗೆ ಅದೇ. ಋಣವೊಂದು ನಡುವೆ ನಿಂತಾಗ ತೀರ್ಥವೂ ಸಂತೆಯಾಗುತ್ತದೆ. ಆದರೆ ಈ ಕಥೆಯನ್ನು ಪೂರ್ವಪಕ್ಷಕ್ಕೆ ಸಂಪೂರ್ಣವಾಗಿ ಬಿಟ್ಟುಕೊಡುವಂತಿಲ್ಲ. ಹರಿಶ್ಚಂದ್ರನ ಸಾಲಕ್ಕೆ ಗಡುವು ಇತ್ತು, ಆ ಗಡುವು ಮೀರುತ್ತಿತ್ತು. ಅವನ ದುಃಖವೆಲ್ಲ ಆ ಗಡುವಿನಿಂದ ಬಂದುದು. ಇಲ್ಲಿಯೇ ಒಂದು ಸೂಕ್ಷ್ಮ ಭೇದವಿದೆ.

ಸಾಲವೆಂದರೆ ಹಣವನ್ನು ಮಾತ್ರ ಕೊಡುವುದಲ್ಲ; ಹಣದೊಡನೆ ಕಾಲವನ್ನೂ ಕೊಡುವುದು. ಐದು ವರ್ಷದ ಕಂತಿಗೆ ಹಣ ಕೊಟ್ಟವನು ಆ ಐದು ವರ್ಷಗಳನ್ನೂ ಕೊಟ್ಟಿದ್ದಾನೆ. ಆ ಕಾಲಕ್ಕೇ ಬಡ್ಡಿಯೆಂಬ ಬೆಲೆಯನ್ನು ತೆಗೆದುಕೊಳ್ಳುತ್ತಾನೆ. ಆದುದರಿಂದ ಕೊಡಬೇಕಾದುದು ಬೇರೆ, ಇಂದೇ ಕೊಡಬೇಕಾದುದು ಬೇರೆ. ಮೊದಲನೆಯದು ಋಣ, ಎರಡನೆಯದು ಬಾಕಿ. ಈ ತಿಂಗಳ ಕಂತನ್ನು ಈ ತಿಂಗಳು ಸಲ್ಲಿಸಿದ ನೇಕಾರನು ಸಹಕಾರ ಸಂಘಕ್ಕೆ ಋಣಿಯಾಗಿದ್ದಾನೆ, ಆದರೆ ಬಾಕಿದಾರನಲ್ಲ. ಅವನ ಡಬ್ಬಿಯ ಹಣದ ಮೇಲೆ ಸಂಘಕ್ಕೆ ಇಂದು ಹಕ್ಕಿಲ್ಲ. ಹಕ್ಕಿದೆಯೆಂದು ವಾದಿಸಿದರೆ ಅವನು ಉಣ್ಣುವ ರೊಟ್ಟಿಯ ಮೇಲೂ, ಮಗುವಿನ ಪಾಟಿಪುಸ್ತಕದ ಮೇಲೂ ಹಕ್ಕಿದೆಯೆನ್ನಬೇಕಾಗುತ್ತದೆ. ಅಂಥ ಮಾತನ್ನು ಯಾವ ಸ್ಮೃತಿಕಾರನೂ ಆಡಿಲ್ಲ. ಕಂತನ್ನು ತಪ್ಪಿಸಿ ಡಬ್ಬಿಗೆ ಹಾಕಿದ ಹಣವಾದರೋ ಬೇರೆ ಜಾತಿಯದು. ಅದನ್ನು ಉಳಿತಾಯವೆನ್ನುವುದು ಮಾತಿನ ಮರ್ಯಾದೆಗಾಗಿ ಮಾತ್ರ. ಬಾಕಿ ಉಳಿಸಿಕೊಂಡವನು ಕೇದಾರದಲ್ಲಿ ನಿಂತು ಕೈ ಮುಗಿದರೂ ಅವನ ಮುಗಿದ ಕೈಯೊಳಗೆ ಇನ್ನೊಬ್ಬರ ಹಣವಿರುತ್ತದೆ.

ಹಾಗಾದರೆ ಕಂತು ಸಲ್ಲಿಸಿದ ಮೇಲೆ ಉಳಿದುದನ್ನು ಏನು ಮಾಡಿದರೂ ಸರಿಯೇ? ಧರ್ಮವು ಬೇಡವೆನ್ನದ ಎಡೆಯಲ್ಲಿಯೂ ವಿವೇಕವು ಬೇಡವೆನ್ನಬಹುದು. ಆದುದರಿಂದ ಲೆಕ್ಕವನ್ನು ನೋಡತಕ್ಕದ್ದು. ಮೇಲಿನ ನೇಕಾರನಿಗೆ ಮನೆಯ ಖರ್ಚು, ಸಂಘದ ಕಂತು ಎಲ್ಲ ಕಳೆದು ತಿಂಗಳಿಗೆ 2,000 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳಬಹುದು. ಲಗ್ನದ ಸಾಲದ ಬಡ್ಡಿಯೇ ತಿಂಗಳಿಗೆ 900 ರೂಪಾಯಿ. ಅವನು ಬಡ್ಡಿಯನ್ನಷ್ಟೇ ಕಟ್ಟಿ, ಉಳಿದ 1,100 ರೂಪಾಯಿಯನ್ನು ಪ್ರತಿ ತಿಂಗಳೂ ವರ್ಷಕ್ಕೆ ನೂರಕ್ಕೆ 7ರ ಬಡ್ಡಿ ಬರುವ ಆವರ್ತ ಠೇವಣಿಯಲ್ಲಿ ಇಟ್ಟರೆ 24 ತಿಂಗಳಿಗೆ ಕೈಗೆ ಬರುವುದು ಸುಮಾರು 28,300 ರೂಪಾಯಿ. ಆದರೆ 30,000 ರೂಪಾಯಿಯ ಅಸಲು ಕೂದಲೂ ಕೊಂಕದೆ ಹಾಗೆಯೇ ನಿಂತಿರುತ್ತದೆ. ಇದಕ್ಕೆ ಬದಲಾಗಿ 2,000 ರೂಪಾಯಿಯನ್ನೂ ಆ ಸಾಲಕ್ಕೇ ಕಟ್ಟುತ್ತ ಹೋದರೆ ಅಸಲು ಇಳಿದಂತೆ ಬಡ್ಡಿಯೂ ಇಳಿದು, 21ನೆಯ ತಿಂಗಳಿಗೆ ಸಾಲವು ಪೂರ್ತಿ ಹರಿಯುತ್ತದೆ. ಉಳಿದ ಮೂರು ತಿಂಗಳು ಚಿಲ್ಲರೆಯಲ್ಲಿ ಕೈಯಲ್ಲಿ ಸುಮಾರು 7,500 ರೂಪಾಯಿ ಕೂಡುತ್ತದೆ. ಮೊದಲನೆಯ ದಾರಿಯಲ್ಲಿ ಎರಡು ವರ್ಷದ ಕೊನೆಗೆ ಅವನು 1,700 ರೂಪಾಯಿಯಷ್ಟು ಕೊಡುವವನಾಗಿಯೇ ಉಳಿಯುತ್ತಾನೆ. ಎರಡನೆಯದರಲ್ಲಿ 7,500 ರೂಪಾಯಿಯಷ್ಟು ಉಳ್ಳವನಾಗುತ್ತಾನೆ. ಅಂತರವು ಸುಮಾರು 9,200 ರೂಪಾಯಿ. ನೂರಕ್ಕೆ 36ರ ಬಡ್ಡಿ ತೆತ್ತು ನೂರಕ್ಕೆ 7ರ ಬಡ್ಡಿ ಪಡೆಯುವವನು ತಳ ಒಡೆದ ಕೊಡದಲ್ಲಿ ನೀರು ಸೇದುವವನಂತೆ. ಸೇದಿದ ದಣಿವು ಮಾತ್ರ ನಿಜ.

ಲೆಕ್ಕವು ಇಷ್ಟು ಹೇಳಿ ಸುಮ್ಮನಾಗುತ್ತದೆ. ಅದು ಹೇಳದಿರುವ ಮಾತೊಂದಿದೆ. ಕೇದಾರವು ಸಮುದ್ರಮಟ್ಟದಿಂದ ಸುಮಾರು 3,580 ಮೀಟರು ಎತ್ತರದಲ್ಲಿದೆ. ಗೌರೀಕುಂಡದಿಂದ ಮುಂದೆ ಹದಿನಾರು ಕಿಲೋಮೀಟರಿಗೂ ಹೆಚ್ಚಿನ ಏರುದಾರಿ. ವರ್ಷದಲ್ಲಿ ಆರು ತಿಂಗಳು ಹಿಮದಿಂದ ದಾರಿ ಮುಚ್ಚಿ, ಪೂಜೆಯು ಕೆಳಗಿನ ಉಖೀಮಠದಲ್ಲಿ ನಡೆಯುತ್ತದೆ. ತಾಯಿಗೆ ಎಪ್ಪತ್ತು ದಾಟಿದೆ. ಸಾಲಕ್ಕೆ ಎರಡು ವರ್ಷ ಕಾಯುವ ಶಕ್ತಿಯಿದೆ, ತಾಯಿಯ ಮೊಣಕಾಲಿಗೆ ಇಲ್ಲ. ಆಕೆಯನ್ನು ಕಳಿಸಿದರೆ ಮಗನು 9,200 ರೂಪಾಯಿಯನ್ನು ಹೆಚ್ಚಾಗಿ ತೆರುತ್ತಾನೆ. ತೆರುವವನು ತಾನು. ತನ್ನ ದುಡಿಮೆಯಲ್ಲಿ ತೆರುತ್ತಾನೆ, ತಿಳಿದು ತೆರುತ್ತಾನೆ. ಬಡ್ಡಿಗೆ ಕೊಟ್ಟವನಿಗೆ ಒಂದು ಪೈಯೂ ಕಡಿಮೆಯಾಗುವುದಿಲ್ಲ, ಲಾಭವೇ ಆಗುತ್ತದೆ. ಇಂಥಲ್ಲಿ ಮಗನನ್ನು ಅವಿವೇಕಿಯೆನ್ನುವವನು ಅನ್ನಲಿ, ಅಧರ್ಮಿಯೆನ್ನಲು ಬರುವುದಿಲ್ಲ. ತಾಯಿಯ ಬಯಕೆಗೆ ಬೆಲೆ ಕಟ್ಟುವ ಅಧಿಕಾರ ಅಂಕಗಣಿತಕ್ಕಿಲ್ಲ.

ಈ ತರ್ಕವನ್ನೇ ಮುಂದುವರಿಸಿದರೆ ಓಣಿಯ ವಿಧವೆಯ 5,000 ರೂಪಾಯಿಯ ವಿಷಯದಲ್ಲಿ ತೀರ್ಪು ತಿರುಗುಮುರುಗಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ಹಣಕ್ಕೆ ಬಡ್ಡಿಯಿಲ್ಲ, ಪತ್ರವಿಲ್ಲ, ಸಾಕ್ಷಿಯಿಲ್ಲ, ಗಡುವಿಲ್ಲ. ಕೊಡುವಾಗ ಆಕೆ, “ನಿನಗ ಆದಾಗ ಕೊಡಪ್ಪಾ” ಎಂದಳು. ಇವನು, “ಆಗಲಿ ದೊಡ್ಡವ್ವಾ” ಎಂದ. ಲೆಕ್ಕಪಂಡಿತನನ್ನು ಕೇಳಿದರೆ, ಬಡ್ಡಿಯಿಲ್ಲದ ಸಾಲವನ್ನು ಎಲ್ಲಕ್ಕಿಂತ ಕೊನೆಗೆ ತೀರಿಸು, ಅದರಿಂದ ನಿನಗೆ ನಷ್ಟವಿಲ್ಲ ಎನ್ನುತ್ತಾನೆ. ಅವನ ಮಾತು ಲೆಕ್ಕದಲ್ಲಿ ಸರಿ. ಆದರೆ ನಷ್ಟವೆಂಬುದು ಎಲ್ಲಿಯೂ ಇಲ್ಲದೆ ಮಾಯವಾಯಿತೇ? ಬಡ್ಡಿಯ ಸಾಲವನ್ನು ತಡಮಾಡಿದರೆ ತಡದ ಬೆಲೆಯನ್ನು ತಂದವನು ತೆರುತ್ತಾನೆ. ಬಡ್ಡಿಯಿಲ್ಲದ ಸಾಲವನ್ನು ತಡಮಾಡಿದರೆ ಆ ಬೆಲೆಯನ್ನು ಕೊಟ್ಟವಳು ತೆರುತ್ತಾಳೆ. ಆಕೆಯ ಮನೆಯ ಹೆಂಚು ಸೋರುತ್ತಿರಬಹುದು, ಆಕೆಯ ಔಷಧ ನಿಂತಿರಬಹುದು, ಆಕೆಗೂ ಒಂದು ಯಾತ್ರೆಯ ಬಯಕೆ ಇರಬಹುದು. ಇವನು ತನ್ನ ತಾಯಿಯನ್ನು ಕೇದಾರಕ್ಕೆ ಕಳಿಸಿದಾಗ ಆ ಯಾತ್ರೆಯ ಒಂದು ಪಾಲನ್ನು ಆ ವಿಧವೆಯು ತನಗೆ ತಿಳಿಯದೆಯೇ, ತನ್ನ ಸೋರುವ ಸೂರಿನಿಂದ ತೆತ್ತಂತಾಯಿತು. ತನ್ನ ಹಣದಿಂದ ತಾಯಿಗೆ ದರ್ಶನ ಮಾಡಿಸುವುದು ಸೇವೆ. ಕೇಳದೆ ಇನ್ನೊಬ್ಬರ ಹಣದಿಂದ ಮಾಡಿಸುವುದಕ್ಕೆ ಆ ಹೆಸರು ಸಲ್ಲದು.

ಆದಾಗ ಕೊಡು ಎಂಬ ಮಾತಿನ ಅರ್ಥವನ್ನೂ ಇಲ್ಲಿ ಬಿಡಿಸಿ ನೋಡಬೇಕು. ಗಡುವಿಲ್ಲವೆಂದರೆ ಎಂದೂ ಬೇಡವೆಂದಲ್ಲ; ಕೊಡುವ ಶಕ್ತಿ ಬಂದ ದಿನವೇ ಗಡುವು ಎಂದು. ಯಾತ್ರೆಯ ಡಬ್ಬಿಯಲ್ಲಿ 5,000 ರೂಪಾಯಿ ಕೂಡಿದ ದಿನ ಇವನಿಗೆ ಆಯಿತು. ಆ ದಿನ ಕೊಡದೆ ಮುಂದೂಡಿದರೆ ಆ ಸಾಲವು ಋಣದ ಪಕ್ಷದಿಂದ ಬಾಕಿಯ ಪಕ್ಷಕ್ಕೆ ಬಿತ್ತು. ಪತ್ರ ಬರೆಸಿಕೊಂಡವನು ನ್ಯಾಯಾಲಯಕ್ಕೆ ಹೋಗಬಲ್ಲ, ಆಳನ್ನು ಕಳಿಸಬಲ್ಲ. ಈಕೆ ಕೇಳಲೂ ನಾಚುತ್ತಾಳೆ. ಬೀದಿಯಲ್ಲಿ ಎದುರಾದಾಗ ತಾನೇ ಸಾಲ ತಂದವಳಂತೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಕೇಳಲಾರದವರ ಸಾಲವನ್ನು ಮೊದಲು ತೀರಿಸುವುದು, ಕೇಳಬಲ್ಲವರ ಸಾಲವನ್ನು ನಿಯಮದಂತೆ ತೀರಿಸುವುದು: ಧರ್ಮದ ಅನುಕ್ರಮವು ಲೆಕ್ಕದ ಅನುಕ್ರಮಕ್ಕೆ ಇಲ್ಲಿ ವಿರುದ್ಧವಾಗಿದೆ. ವಿರುದ್ಧವಾದೆಡೆ ಲೆಕ್ಕವೇ ಹಿಂದೆ ಸರಿಯತಕ್ಕದ್ದು. ಆಕೆಗೆ ಕೊಟ್ಟ ಮೇಲೆ, ಅಥವಾ ಆಕೆಯೆದುರು ಕುಳಿತು ನಿಜಸ್ಥಿತಿಯನ್ನು ಹೇಳಿ, ಆಕೆ ಮನಸಾರೆ ಒಪ್ಪಿದ ಮೇಲೆಯೇ ಡಬ್ಬಿಯು ಯಾತ್ರೆಯ ಡಬ್ಬಿಯಾಗುತ್ತದೆ.

ಈಗ ಯಾತ್ರೆಯ ಕಡೆಯಿಂದಲೂ ವಿಚಾರಿಸಬೇಕಾಗಿದೆ. ಶರಣಮಾರ್ಗದಲ್ಲಿ ಯಾತ್ರೆಗೆ ಸ್ಥಾನವೆಲ್ಲಿ ಎಂದು ಕೇಳುವವರುಂಟು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಬೆಟ್ಟದ ಮೇಲಿನ, ನದಿಯ ದಡದ ದೇವರನ್ನು ಅರಸಿ ಹೋಗುವ ಅಗತ್ಯವಿಲ್ಲವೆಂದು ವಚನಕಾರರು ಕಟುವಾಗಿಯೇ ನುಡಿದಿದ್ದಾರೆ. ನೀರು ಕಂಡಲ್ಲಿ ಮುಳುಗುವ ಭಕ್ತಿಯನ್ನು ಬಸವಣ್ಣನವರು ಗೇಲಿ ಮಾಡಿದ್ದಾರೆ. ಆದರೆ ಅದೇ ಶರಣರಲ್ಲಿ ದಾರಿ ನಡೆಯದವರು ವಿರಳ. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ನಡೆದರು. ಸೌರಾಷ್ಟ್ರದಿಂದ ಆದಯ್ಯನವರೂ, ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರೂ ಕನ್ನಡ ನಾಡಿಗೆ ಬಂದವರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರೂ ಕೊನೆಗೆ ಕೂಡಲಸಂಗಮಕ್ಕೆ ಮರಳಿದರು. ಅವರು ಬೇಡವೆಂದುದು ಕಾಲಿನ ಯಾತ್ರೆಯನ್ನಲ್ಲ. ಪುಣ್ಯವನ್ನು ಸರಕಿನಂತೆ ಕೊಂಡುತರುವ ವ್ಯಾಪಾರವನ್ನು. ಇದು ಪ್ರಕೃತ ವಿಷಯಕ್ಕೆ ಬಹಳ ಉಪಯುಕ್ತವಾದ ಭೇದ. ಯಾತ್ರೆಯಿಂದ ಪುಣ್ಯ ಗಳಿಸಿ ಆ ಪುಣ್ಯದಿಂದ ಸಾಲದ ಪಾಪವನ್ನು ತೊಳೆದುಕೊಳ್ಳುತ್ತೇನೆಂಬವನು ಎರಡು ಖಾತೆಗಳನ್ನು ಒಂದಕ್ಕೊಂದು ಜಮಾ-ಖರ್ಚು ಹಾಕಲು ಹೊರಟವನು. ಅವನ ಯಾತ್ರೆ ನಿಲ್ಲಲಿ. ಶರಣಸಂಗಕ್ಕಾಗಿ, ತಾಯಿಯ ಸಮಾಧಾನಕ್ಕಾಗಿ, ಮಗ್ಗದ ಸದ್ದಿನಾಚೆಗೂ ಲೋಕವಿದೆಯೆಂದು ಒಮ್ಮೆ ಕಾಣುವುದಕ್ಕಾಗಿ ಹೋಗುವವನ ಬಯಕೆಯನ್ನು ಹೀನವೆನ್ನಲಾಗದು. ಕೇದಾರದ ರಾವಲರು ಕನ್ನಡ ನಾಡಿನ ವೀರಶೈವರೇ ಆಗಿರುವುದು ಪರಂಪರೆ. ಅಷ್ಟು ದೂರದ ಹಿಮದಲ್ಲಿ ತನ್ನ ಕಡೆಯವರ ಮಾತು ಕಿವಿಗೆ ಬಿದ್ದರೆ ಮುದುಕಿಯೊಬ್ಬಳಿಗೆ ಆಗುವ ಹಿಗ್ಗನ್ನು ಶಾಸ್ತ್ರದಿಂದ ಅಳೆಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪವಿದೆ: ಶರಣರು ಸಂಗ್ರಹವನ್ನೇ ನಿಷೇಧಿಸಿದ್ದಾರಲ್ಲ, ಕೂಡಿಡುವುದು ಹೇಗೆ ಸರಿ? ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಬಲ್ಲವರೆಲ್ಲ ಈ ಆಕ್ಷೇಪವನ್ನು ಎತ್ತುವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಅವರ ಧರ್ಮಪತ್ನಿ ಲಕ್ಕಮ್ಮನವರು ಆ ಹೆಚ್ಚಿನದನ್ನು ಒಳಗೆ ತೆಗೆದುಕೊಳ್ಳದೆ, ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದರು. ಆ ತಾಯಿ ಕೋಪಗೊಂಡುದು ಅಕ್ಕಿಯ ಮೇಲಲ್ಲ. ನಾಳೆ ಸಿಕ್ಕೀತೋ ಇಲ್ಲವೋ ಎಂಬ ಸಂದೇಹದ ಮೇಲೆ. ಹೆಸರಿಲ್ಲದ ಭಯದಿಂದ ಕೂಡಿಡುವುದು ಸಂಗ್ರಹ. ಹೆಸರಿಟ್ಟು, ಮಿತಿಯಿಟ್ಟು, ಬಳಸಲೆಂದೇ ಕೂಡಿಡುವುದು ಬೇರೆ. ಬಿತ್ತನೆಯ ಬೀಜವನ್ನು ಎತ್ತಿಡುವ ರೈತನನ್ನು ಲೋಭಿಯೆಂದು ಯಾರೂ ಅನ್ನುವುದಿಲ್ಲ. ಆದರೂ ಲಕ್ಕಮ್ಮನವರ ಪ್ರಶ್ನೆಯನ್ನು ನೇಕಾರನು ಆಗಾಗ ತನಗೆ ಹಾಕಿಕೊಳ್ಳುವುದು ಒಳ್ಳೆಯದು. ಡಬ್ಬಿಯ ಹಣಕ್ಕೆ ಮೊದಲು ಕೇದಾರವೆಂದು ಹೆಸರಿತ್ತು. ಆಮೇಲೆ ಕೇದಾರದೊಡನೆ ಹರಿದ್ವಾರವೂ, ಅದರೊಡನೆ ದಿಲ್ಲಿಯೂ, ದಿಲ್ಲಿಯೊಡನೆ ಪೇಟೆಯ ಸೀರೆಗಳೂ ಸೇರುತ್ತ ಹೋದರೆ ಎಲ್ಲಿಯೋ ಒಂದು ಕಡೆ ಹೆಚ್ಚಿನ ಅಕ್ಕಿ ಚೀಲಕ್ಕೆ ಬಿದ್ದಿದೆಯೆಂದೇ ತಿಳಿಯಬೇಕು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೆ ಚಾಡಿಕೋರರು ದೂರು ಹೇಳಿದಾಗ, ಭಂಡಾರವನ್ನು ಎಣಿಸಿ ನೋಡಲಾಗಿ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂಬ ಕಥೆಯನ್ನು ಪುರಾಣಗಳು ಹೇಳುತ್ತವೆ. ಪವಾಡದ ಮಾತು ಹಾಗಿರಲಿ. ಯಾವಾಗ ಎಣಿಸಿದರೂ ಸರಿಹೊಂದುವಂತೆ ಲೆಕ್ಕವನ್ನು ತೆರೆದಿಡುವುದು ಪರರ ಹಣವನ್ನು ಕೈಯಲ್ಲಿಟ್ಟುಕೊಂಡವನಿಗೆ ತಕ್ಕ ನಡೆ. ಸಾಲವಿದ್ದವನು ಯಾತ್ರೆಯ ಡಬ್ಬಿಯನ್ನು ಮಾಡಿನ ಸಂದಿನಲ್ಲಿ ಅಡಗಿಸಿಡಬೇಕಾಗಿ ಬಂದರೆ, ಅಡಗಿಸುವ ಆ ಕೈಗೆ ಏನೋ ಗೊತ್ತಿದೆಯೆಂದೇ ಅರ್ಥ.

ಎಲ್ಲವನ್ನೂ ಸಾಲಕ್ಕೇ ಸುರಿದು ಯಾತ್ರೆಯ ಹೆಸರಿನಲ್ಲಿ ಒಂದು ಕಾಸನ್ನೂ ಇಡಬಾರದೇ ಎಂದರೆ, ಅಷ್ಟು ನಿಷ್ಠುರವೂ ಬೇಡ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯೆಂಬುದನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಂತೆ ಮನೆಯ ಬಾಗಿಲಿಗೇ ಬಂದು ಹಣ ಸಂಗ್ರಹಿಸುವ ಪದ್ಧತಿ ಅದು. ಎರಡಾಣೆಯಿಂದ ಯಾರ ಸಾಲವೂ ಬೇಗ ತೀರುತ್ತಿರಲಿಲ್ಲ. ಆದರೆ ದಿನದ ಕೊನೆಗೆ ತನ್ನದೆಂದು ಹೇಳಿಕೊಳ್ಳುವ ಒಂದು ಸಣ್ಣ ಗಂಟು ಬಡವನ ಬೆನ್ನುಮೂಳೆಯನ್ನು ನೆಟ್ಟಗಿಡುತ್ತಿತ್ತು. ದುಡಿದುದೆಲ್ಲವೂ ಹಿಂದಿನದಕ್ಕೇ ಹೋಗುತ್ತದೆ, ಮುಂದಿನದಕ್ಕೆ ಏನೂ ಇಲ್ಲ ಎಂದಾದಾಗ ಕಾಯಕದಲ್ಲಿಯ ಕಳೆಯೇ ಹೋಗುತ್ತದೆ; ಕಳೆ ಹೋದ ಕೈ ನೇಯ್ದ ಬಟ್ಟೆಯಿಂದ ಸಾಲವೂ ತೀರುವುದಿಲ್ಲ. ಉತ್ಸಾಹಕ್ಕಾಗಿ ಇಡುವ ಈ ಅಲ್ಪಭಾಗವನ್ನು ಸಾಲ ತೀರಿಸುವ ಸಾಧನದಲ್ಲಿಯೇ ಒಂದಂಗವೆಂದು ಎಣಿಸಬಹುದು. ಎಷ್ಟು ಭಾಗವೆಂದು ಹೊರಗಿನವರು ವಿಧಿಸುವುದು ಕೂಡದು. ಅಲ್ಪವೆಂಬುದು ಅಲ್ಪವಾಗಿಯೇ ಇರಬೇಕೆಂಬುದಷ್ಟೆ.

ಯಾತ್ರೆಗೆಂದೇ ಹೊಸದಾಗಿ ಸಾಲ ಮಾಡುವವರ ವಿಷಯದಲ್ಲಿ ಹೆಚ್ಚು ವಿಚಾರ ಬೇಕಿಲ್ಲ. ಸಾಲ ತರುವಾಗಿನ ಸವಿಯನ್ನೂ ಕೊಟ್ಟವನು ಬಂದು ನಿಂತಾಗಿನ ಸಂಕಟವನ್ನೂ ಸರ್ವಜ್ಞನು ತ್ರಿಪದಿಯೊಂದರಲ್ಲಿ ಸೇರಿಸಿಟ್ಟಿರುವುದು ಎಲ್ಲರಿಗೂ ತಿಳಿದೇ ಇದೆ. ಯಾತ್ರೆ ಎಂಟು ದಿನದಲ್ಲಿ ಮುಗಿಯುತ್ತದೆ, ಕಂತು ಮೂರು ವರ್ಷ ನಡೆಯುತ್ತದೆ. ಅದಕ್ಕಿಂತ ವಿಚಿತ್ರವೆಂದರೆ ಮರಳಿ ಬಂದ ಮೇಲೆ ಬಳಗಕ್ಕೆಲ್ಲ ಊಟ ಹಾಕುವ ರೂಢಿ. ಎಷ್ಟೋ ಮನೆಗಳಲ್ಲಿ ದೇವರನ್ನು ಕಂಡುದಕ್ಕಿಂತ ಕಂಡೆವೆಂದು ತೋರಿಸುವುದಕ್ಕೇ ಹೆಚ್ಚು ಖರ್ಚಾಗುತ್ತದೆ. ಇದಕ್ಕೆ ಪ್ರತಿಯಾಗಿ ಯುಗಾದಿಯ ಸಮಯದಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ನೋಡಬೇಕು. ನಲ್ಲಮಲೆಯ ಕಾಡು, ಭೀಮನ ಕೊಳ್ಳದ ಇಳಿತ-ಏರು, ಉರಿಬಿಸಿಲು. ದಾರಿಯುದ್ದಕ್ಕೂ ಊರವರು ಅಂಬಲಿ, ಮಜ್ಜಿಗೆ, ಅನ್ನಗಳ ದಾಸೋಹ ನಡೆಸುತ್ತಾರೆ. ಅವರ ಯಾತ್ರೆಗೆ ಬೇಕಾದ ಗಂಟು ಕಾಲಿನಲ್ಲಿಯೇ ಇರುತ್ತದೆ. ಸಾಲವಿದ್ದ ಗಟ್ಟಿ ಕಾಲಿನವನು ರೈಲಿನ, ವಿಮಾನದ, ಹೋಟೆಲಿನ ಲೆಕ್ಕ ಹಾಕುತ್ತ ಐದು ವರ್ಷ ಕೊರಗುವ ಬದಲು ಈ ದಾರಿಯನ್ನು ಹಿಡಿದರೆ ಪ್ರಶ್ನೆಯೇ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಮುದುಕಿಗೆ ಮಾತ್ರ ಇದು ಸಾಧ್ಯವಿಲ್ಲ.

ನೂರಕ್ಕೆ ಮೂರರ ಬಡ್ಡಿಯ ಮಾತನ್ನು ಹೀಗೆಯೇ ಬಿಡಲಾಗದು. ಬಡ್ಡಿಯು ಅಸಲನ್ನು ಮೀರಬಾರದೆಂಬ ನಿಯಮವನ್ನು ಸ್ಮೃತಿಕಾರರೇ ಮಾಡಿದ್ದರು. ಮುಂಬಯಿ ಆಧಿಪತ್ಯದ ನ್ಯಾಯಾಲಯಗಳು ಅದನ್ನು ದಾಮ್‌ದುಪಟ್ ಎಂಬ ಹೆಸರಿನಿಂದ ಹಿಂದೂಗಳ ವ್ಯವಹಾರದಲ್ಲಿ ಪಾಲಿಸುತ್ತಿದ್ದುವು. ಮೇಲಿನ ಲೆಕ್ಕದಲ್ಲಿ ಬಡ್ಡಿಯನ್ನಷ್ಟೇ ಕಟ್ಟುವವನು ಮೂರು ವರ್ಷ ಕಳೆಯುವುದರೊಳಗಾಗಿ ಅಸಲಿನಷ್ಟನ್ನು ಬಡ್ಡಿಯಾಗಿ ಕಟ್ಟಿರುತ್ತಾನೆ, ಅಸಲು ಮಾತ್ರ ಹಾಗೆಯೇ ಇರುತ್ತದೆ. ಇಂಥ ಬಾಯಿಂದ ರೈತರನ್ನು ಬಿಡಿಸಲೆಂದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ನೂರಿಪ್ಪತ್ತು ವರ್ಷಗಳ ಮೇಲೆ, 2025ರಲ್ಲಿ, ಸಣ್ಣಸಾಲ ಕೊಡುವವರ ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ನಕ್ಷತ್ರಿಕನು ವೇಷ ಬದಲಿಸಿದ್ದಾನೆ, ಊರು ಬಿಟ್ಟಿಲ್ಲ. ಆದುದರಿಂದ ನೇಕಾರನು ಡಬ್ಬಿಗೆ ಕೈ ಹಾಕುವ ಮೊದಲು ಸಂಘದ ಬಾಗಿಲಿಗೆ ಹೋಗಿ, ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ತೀರಿಸುವ ದಾರಿಯುಂಟೇ ಎಂದು ವಿಚಾರಿಸುವುದು ಮೇಲು. ದಾರಿಯಿದ್ದರೆ ಯಾತ್ರೆಯ ಅರ್ಧ ಹಣ ಅಲ್ಲಿಯೇ ಹುಟ್ಟುತ್ತದೆ.

ಸಾಲವಿದ್ದವನು ದೂರದ ಯಾತ್ರೆಯಲ್ಲಿ ತೀರಿಕೊಂಡರೆ ಗತಿಯೇನೆಂಬ ಭಯ ಹಿಂದಿನವರಿಗೆ ದೊಡ್ಡದಾಗಿತ್ತು. ತಂದೆಯ ಸಾಲವನ್ನು ತೀರಿಸುವುದು ಮಗನ ಧಾರ್ಮಿಕ ಕರ್ತವ್ಯವೆಂಬ ನಿಯಮದ ಮೇಲೆಯೇ ಮಗನ ವಿರುದ್ಧ ನಡೆಯುವ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು, ಅದಕ್ಕೆ ಮುಂಚಿನ ಸಾಲಗಳನ್ನು ಬಿಟ್ಟು, ತೆಗೆದುಹಾಕಿದೆ. ಬಿಟ್ಟುಹೋದ ಆಸ್ತಿಯ ಮೇಲಿನ ಹೊಣೆ ಮಾತ್ರ ಇದ್ದೇ ಇದೆ. ಕಾನೂನು ಮಗನನ್ನು ಬಿಟ್ಟಿತೆಂದು ಓಣಿಯ ದೊಡ್ಡವ್ವನ ಹಣ ಯಾರೂ ತರದ ಹಣವಾಗುವುದಿಲ್ಲ. ಹೊರಡುವ ಮುನ್ನ ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೋಗುವುದು ಅವಶ್ಯ.

ಉಳಿದುದು ಒಂದು ಸಂಗತಿ. ಹಣ ಪೂರ್ತಿ ಕೂಡುವ ಮೊದಲೇ ತಾಯಿಯು ಲಿಂಗೈಕ್ಯಳಾದರೆ ಡಬ್ಬಿಯ ಗಂಟಿಗೆ ಏನು ಗತಿ? ಮಗನು ತಾನಾದರೂ ಆಕೆಯ ಹೆಸರಿನಲ್ಲಿ ಕೇದಾರಕ್ಕೆ ಹೋಗಿ ಬರುವೆನೆನ್ನಬಹುದು. ಬಂಧುಗಳೂ ಅದನ್ನೇ ಹೇಳಬಹುದು. ಆದರೆ ನೂರಕ್ಕೆ 36ನ್ನು ತೆತ್ತು ನೂರಕ್ಕೆ 7ಕ್ಕೆ ಇಟ್ಟ ಆ ಹಣವನ್ನು ಇಷ್ಟು ದಿನ ಸಮರ್ಥಿಸುತ್ತಿದ್ದುದು ಆಕೆಯ ಕಾಯಲಾರದ ಮೊಣಕಾಲೊಂದೇ. ಅದು ಇಲ್ಲವಾದ ದಿನ ಸಮರ್ಥನೆಯೂ ಇಲ್ಲವಾಯಿತು. ಮಗನ ಕಾಲು ಇನ್ನೂ ಹತ್ತು ವರ್ಷ ಕಾಯಬಲ್ಲದು. ಕ್ರಿಯಾವಿಧಿಗಳು ಮುಗಿದ ಮೇಲೆ ಆ ಡಬ್ಬಿಯನ್ನು ಇಳಿಸಿ, ಎಣಿಸಿ, ಲಗ್ನದ ಸಾಲಕ್ಕೆ ಒಮ್ಮೆಲೇ ಕಟ್ಟಿ, ಪತ್ರವನ್ನು ಹಿಂದಕ್ಕೆ ಪಡೆಯುವುದು ಅವನು ಮಾಡತಕ್ಕ ಕೆಲಸ.